ಸಂಧಿಯಲ್ಲಿ ಅಡಗಿದ ‘ಅ’

ಚಿಕ್ಕಮಗಳೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಆಲ್ದೂರು ಕಾಫಿಯ ಊರು. ಬಾಳೆಹೊನ್ನೂರಿಗೆ ಹೋಗುವ ಬಸ್ಸು ಪೇಟೆ ದಾಟಿದ್ದೇ ತಡ, ಎರಡೂ ಬದಿ ತೋಟ: ಕೆಳಗೆ ಕಾಫಿ ಗಿಡ, ಮೇಲೆ ಸಿಲ್ವರ್ ಓಕಿನ ನೆರಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬಂದವರು ಹಸಿರು ನೋಡುತ್ತ ಹೋಗುತ್ತಾರೆ. ಆದರೆ ಇದೇ ದಾರಿ ಭಾರತೀಯ ದರ್ಶನಗಳ ಹಳೆಯ ಜಗಳವೊಂದರ ನಟ್ಟನಡುವೆ ಹಾದುಹೋಗುತ್ತದೆ. ಬಾಳೆಹೊನ್ನೂರಿನಲ್ಲಿ ಭದ್ರೆಯ ದಡಕ್ಕೆ ರಂಭಾಪುರಿ ಪೀಠ. ಅಲ್ಲಿನ ದರ್ಶನದ ಹೆಸರು ಶಕ್ತಿವಿಶಿಷ್ಟಾದ್ವೈತ. ಅಲ್ಲಿಂದ ಒಂದು ರಸ್ತೆ ಶೃಂಗೇರಿಗೆ. ಅದು ಅದ್ವೈತದ ಮನೆ. ಇನ್ನೊಂದು ನರಸಿಂಹರಾಜಪುರಕ್ಕೆ, ಅಲ್ಲಿ ಸಿಂಹನಗದ್ದೆಯ ಜೈನ ಮಠ, ಅಹಿಂಸೆ, ಅಪರಿಗ್ರಹ, ಅನೇಕಾಂತಗಳ ಪಾಠ. ಮತ್ತೊಂದು ಕಳಸಕ್ಕೆ. ಕಳಸದ ಬಳಿ ಭದ್ರೆಯ ಅಂಬುತೀರ್ಥದಲ್ಲಿ ಒಂದು ಭಾರೀ ಬಂಡೆಯಿದೆ. ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದು ಇಟ್ಟರೆಂದು ಬಂಡೆಯ ಮೇಲಿನ ಸಂಸ್ಕೃತ ಶಾಸನ ಹೇಳುತ್ತದೆ.

ಅದ್ವೈತ, ವಿಶಿಷ್ಟಾದ್ವೈತ, ಅಹಿಂಸೆ, ಅಪರಿಗ್ರಹ. ಎಲ್ಲದರಲ್ಲೂ ಒಂದು ಪುಟ್ಟ ‘ಅ’ ಕುಳಿತಿದೆ. ಮಧ್ವರ ದ್ವೈತಕ್ಕೆ ಮಾತ್ರ ಅದಿಲ್ಲ. ಹಾಗೆಂದು ಮಧ್ವರು ಅದನ್ನು ಕೈಬಿಟ್ಟವರಲ್ಲ. ಒಂದು ‘ಅ’ವನ್ನು ಅವರಷ್ಟು ಎದೆಗಾರಿಕೆಯಿಂದ ಬಳಸಿದ ಇನ್ನೊಬ್ಬ ಭಾಷ್ಯಕಾರ ಸಿಗುವುದು ಕಷ್ಟ.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಶ್ವೇತಕೇತು 12ನೆಯ ವಯಸ್ಸಿಗೆ ಗುರುಕುಲಕ್ಕೆ ಹೋಗಿ, 24ಕ್ಕೆ ಎಲ್ಲ ಓದಿದ ಜಂಬ ಹೊತ್ತು ಮನೆಗೆ ಬರುತ್ತಾನೆ. ತಂದೆ ಉದ್ದಾಲಕ ಆರುಣಿ ಅವನನ್ನು ಕೂರಿಸಿಕೊಂಡು ಮತ್ತೆ ಮೊದಲಿನಿಂದ ಪಾಠ ಶುರುಮಾಡುತ್ತಾನೆ. ಆಲದ ಹಣ್ಣೊಂದನ್ನು ತರಿಸಿ ಒಡೆಸುತ್ತಾನೆ. ಒಳಗೆ ಸಣ್ಣ ಸಣ್ಣ ಬೀಜ. ಒಂದು ಬೀಜವನ್ನೂ ಒಡೆಸುತ್ತಾನೆ. ಈಗೇನು ಕಾಣುತ್ತದೆ ಎಂದರೆ ಮಗನಿಗೆ ಏನೂ ಕಾಣುವುದಿಲ್ಲ. ನಿನಗೆ ಕಾಣದ ಆ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಆಲ ನಿಂತಿದೆ ಎನ್ನುತ್ತಾನೆ ತಂದೆ. ಊರ ಹೆಸರನ್ನು ‘ಆಲದ ಊರು’ ಎಂದು ಬಿಡಿಸಿಕೊಳ್ಳುವ ಆಲ್ದೂರಿನವರಿಗೆ ಈ ಪಾಠ ಬೇರೆಯವರಿಗಿಂತ ಹತ್ತಿರದ್ದೆನಿಸಿದರೆ ತಪ್ಪಿಲ್ಲ. ಹೀಗೆ ನದಿ, ಜೇನು, ನೀರಲ್ಲಿ ಕರಗಿದ ಉಪ್ಪು, ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಗಾಂಧಾರದ ಮನುಷ್ಯ ಎಂದು ಪಾಠ ಬೆಳೆಯುತ್ತದೆ. ಒಟ್ಟು ಒಂಬತ್ತು ಸಲ ಅದೇ ಮುಕ್ತಾಯ: ತತ್ತ್ವಮಸಿ.

ಆ ಮಾತಿನ ಹಿಂದಿನ ಪದ ‘ಆತ್ಮಾ’. ಶೃಂಗೇರಿಯ ಪರಂಪರೆ ಓದುವುದು ಆತ್ಮಾ, ತತ್, ತ್ವಂ, ಅಸಿ ಎಂದು: ಅದು ನೀನೇ. ಮಧ್ವರು ಕೇಳಿದ್ದು, ‘ಆತ್ಮಾ’ದ ಬಾಲದಲ್ಲಿ ಇನ್ನೊಂದು ‘ಅ’ ಅಡಗಿರಬಾರದೇಕೆ ಎಂದು. ಆತ್ಮಾ ಮತ್ತು ಅತತ್ ಸೇರಿದರೂ ಆಗುವುದು ‘ಆತ್ಮಾತತ್’. ಆ ಮುಂದೆ ಅ ಬಂದರೆ ಒಂದೇ ಆ. ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡುವ ಸವರ್ಣದೀರ್ಘ ಸಂಧಿ. ಕಿವಿಗೆ ಕೇಳಿಸುವುದು ಒಂದೇ. ಪದಪದಕ್ಕೆ ಜಾಗ ಬಿಡದೆ ಕೊರೆಯುವ ಓಲೆಗರಿಯಲ್ಲಿ ಕಣ್ಣಿಗೆ ಕಾಣುವುದೂ ಒಂದೇ. ಅರ್ಥ ಮಾತ್ರ ತಲೆಕೆಳಗು: ಅದು ನೀನಲ್ಲ.

ಇದನ್ನು ಚಮತ್ಕಾರವೆಂದು ತಳ್ಳಿಹಾಕುವವರು ಮಧ್ವರ ವಾದವನ್ನು ಪೂರ್ತಿ ಕೇಳಿಲ್ಲ. ಆ ಒಂಬತ್ತು ದೃಷ್ಟಾಂತಗಳನ್ನೇ ನೋಡಿ ಎನ್ನುತ್ತಾರೆ ಅವರು. ದಾರಕ್ಕೆ ಕಟ್ಟಿದ ಹಕ್ಕಿ ಬೇರೆ, ಅದು ಸುತ್ತಿ ಬಂದು ಕೂರುವ ಆಸರೆ ಬೇರೆ. ನದಿ ಬೇರೆ, ಕಡಲು ಬೇರೆ. ಉದಾಹರಣೆಯೆಲ್ಲ ಎರಡರ ಬಗ್ಗೆ ಇರುವಾಗ ತೀರ್ಮಾನ ಮಾತ್ರ ಒಂದೇ ಎಂದಾಗುವುದು ಹೇಗೆ? ‘ತತ್’ ಎಂದೇ ಓದಿದರೂ ಹೋಲಿಕೆಯನ್ನೋ ಅಧೀನತೆಯನ್ನೋ ಹೇಳಬಹುದೆಂಬ ದಾರಿಯನ್ನೂ ಅವರು ತೆರೆದಿಟ್ಟಿದ್ದಾರೆ. ಅದ್ವೈತಿಗಳ ಉತ್ತರವೂ ಗಟ್ಟಿಯಾದದ್ದೇ. ಅಧ್ಯಾಯ ಶುರುವಾಗುವುದೇ ಒಂದನ್ನು ತಿಳಿದರೆ ಎಲ್ಲ ತಿಳಿದಂತೆ ಎಂಬ ಮಾತಿನಿಂದ. ಮಣ್ಣೊಂದನ್ನು ಅರಿತರೆ ಮಡಕೆಗಳನ್ನೆಲ್ಲ ಅರಿತಂತೆ. ಆರಂಭ ಹೀಗಿರುವಾಗ ನಡುವೆ ಒಂದು ‘ಅಲ್ಲ’ವನ್ನು ತಂದು ಸೇರಿಸುವುದು ಸಂಧಿಗೆ ಒಗ್ಗಿದರೂ ಪ್ರಕರಣಕ್ಕೆ ಒಗ್ಗದು. ವ್ಯಾಕರಣ ಇಬ್ಬರಿಗೂ ‘ಸರಿ’ ಎಂದು ತಲೆಯಾಡಿಸುತ್ತದೆ. ಅದರ ಕೈಯಲ್ಲಿ ತೀರ್ಪಿಲ್ಲ. ಪ್ರಕರಣವನ್ನು ನೋಡಿದರೆ ತೂಕ ಶೃಂಗೇರಿಯ ಕಡೆಗೇ ಹೆಚ್ಚೆನ್ನಬೇಕು. ಆದರೆ ‘ತತ್’ ಎಂಬ ನಪುಂಸಕಲಿಂಗ ‘ತ್ವಂ’ ಎಂಬುದಕ್ಕೆ ಸರಿಯಾಗಿ ಹೊಂದುವುದಿಲ್ಲ ಎಂಬ ತೊಡಕು ಅಲ್ಲಿಯೂ ಉಳಿಯುತ್ತದೆ. ಅಮೆರಿಕದ ವಿದ್ವಾಂಸ ಜೋಯಲ್ ಬ್ರೆರಟನ್ 1986ರಲ್ಲಿ ಅದೇ ಎಳೆ ಹಿಡಿದು, ತತ್ ಎಂದರೆ ಇಲ್ಲಿ ‘ಹಾಗೆ’, ನೀನಿರುವುದು ಹಾಗೆ ಎಂದಷ್ಟೇ ತಂದೆ ಹೇಳುತ್ತಿದ್ದಾನೆ ಎಂದು ವಾದಿಸಿದರು. ಇಬ್ಬರು ಆಚಾರ್ಯರಿಗೂ ಇದು ರುಚಿಸುತ್ತಿರಲಿಲ್ಲ.

ಇದೇ ತತ್ತ್ವಮಸಿಯ ಮೇಲೆ ಮುಳಬಾಗಿಲಿನಲ್ಲಿ ಅಕ್ಷೋಭ್ಯತೀರ್ಥರಿಗೂ ಶೃಂಗೇರಿಯ ವಿದ್ಯಾರಣ್ಯರಿಗೂ 14ನೆಯ ಶತಮಾನದಲ್ಲಿ ವಾದ ನಡೆಯಿತೆಂದು ಮಾಧ್ವ ಪರಂಪರೆ ಹೇಳುತ್ತದೆ. ಗೆದ್ದವರು ಯಾರು ಎಂದು ಕೇಳಿದರೆ ಉತ್ತರ ಕೇಳಿದ ಮಠವನ್ನು ಅವಲಂಬಿಸಿರುತ್ತದೆ.

ಒಂದು ಅಕ್ಷರಕ್ಕೆ ಇಷ್ಟು ಬಲ ಬಂದದ್ದಾದರೂ ಎಲ್ಲಿಂದ? ಸಂಸ್ಕೃತ ವೈಯಾಕರಣರು ಇದನ್ನು ‘ನಞ್’ ಎನ್ನುತ್ತಾರೆ. ಮೂಲದಲ್ಲಿ ಇದು ‘ನ’. ವ್ಯಂಜನದ ಮುಂದೆ ನಕಾರ ಬಿದ್ದು ಅ ಮಾತ್ರ ಉಳಿಯುತ್ತದೆ. ಸ್ವರದ ಮುಂದೆ ‘ಅನ್’ ಆಗುತ್ತದೆ. ಹಾಗಾಗಿ ಅಶೋಕ, ಆದರೆ ಅನಂತ. ಈ ತುಣುಕು ಸಂಸ್ಕೃತದ ಸ್ವಂತ ಆಸ್ತಿಯೇನಲ್ಲ. ಗ್ರೀಕಿನ ಅ–ಅನ್, ಲ್ಯಾಟಿನ್ನಿನ ಇನ್, ಇಂಗ್ಲಿಷಿನ ಅನ್ ಎಲ್ಲ ಒಂದೇ ಬೇರಿನವು. ದೂರು ಅರ್ಜಿಗೆ ಹೆಸರು ಹಾಕದವನನ್ನು ನಾವು ಅನಾಮಿಕ ಎಂದರೂ ಇಂಗ್ಲಿಷಿನವರು ಅನಾನಿಮಸ್ ಎಂದರೂ ಇಬ್ಬರೂ ಹೇಳುವುದು ‘ಹೆಸರಿಲ್ಲದವ’ ಎಂದೇ. ತುಂಡರಿಸಲಾಗದ್ದು ಎಂಬರ್ಥದ ಗ್ರೀಕ್ ಪದವೇ ಆಟಮ್. ಗ್ರೀಕ್ ದೇವತೆಗಳ ಆಹಾರ ಅಂಬ್ರೋಸಿಯಾ ನಮ್ಮ ಅಮೃತದ ಅಕ್ಕನೋ ತಂಗಿಯೋ. ತರೀಕೆರೆಯ ಬಳಿ 1196ರಲ್ಲಿ ಹೊಯ್ಸಳರ ದಂಡನಾಯಕ ಕಟ್ಟಿಸಿದ ಗುಡಿಯಿಂದ ಹೆಸರಾದ ಅಮೃತಾಪುರದ ಹೆಸರಿನಲ್ಲೂ ಇರುವುದು ಅದೇ ನಞ್: ಸಾವಿಲ್ಲದ್ದು.

ನಞ್‌ಗೆ ಆರು ಅರ್ಥಗಳಿವೆ ಎಂದು ಸಂಪ್ರದಾಯ ಎಣಿಸುತ್ತದೆ: ಹೋಲಿಕೆ, ಇಲ್ಲದಿರುವಿಕೆ, ಬೇರೆಯಾಗಿರುವಿಕೆ, ಕಡಿಮೆಯಾಗಿರುವಿಕೆ, ಹೀನತೆ, ವಿರೋಧ. ಇವುಗಳಲ್ಲಿ ನಾವು ದಿನವೂ ನೆನೆಯುವುದು ಎರಡನೆಯದನ್ನಷ್ಟೆ. ಉಳಿದವು ಹೆಚ್ಚು ಸ್ವಾರಸ್ಯಕರ. ‘ಅನುದರೆ’ ಎಂದರೆ ಹೊಟ್ಟೆಯೇ ಇಲ್ಲದ ಹುಡುಗಿಯಲ್ಲ, ಸಣ್ಣ ನಡುವಿನವಳು. ‘ಅಬ್ರಾಹ್ಮಣನನ್ನು ಕರೆದುಕೊಂಡು ಬಾ’ ಎಂದರೆ ಮಣ್ಣುಹೆಂಟೆಯನ್ನು ಹೊತ್ತು ತರುವವರಿಲ್ಲ ಎನ್ನುತ್ತಾನೆ ಮಹಾಭಾಷ್ಯದ ಪತಂಜಲಿ. ಹೆಂಟೆಯೂ ಬ್ರಾಹ್ಮಣನಲ್ಲ ನಿಜ, ಆದರೆ ಆ ಮಾತು ಕೇಳಿದವನು ಕರೆತರುವುದು ಬೇರೊಬ್ಬ ಮನುಷ್ಯನನ್ನೇ. ಎರಡು ಸಾವಿರ ವರ್ಷ ಹಿಂದೆ ಯಾರೋ ಕುಳಿತು ಇದನ್ನೆಲ್ಲ ಯೋಚಿಸಿದ್ದರು ಎಂಬುದೇ ಖುಷಿ ಕೊಡುವ ಸಂಗತಿ. ಯೋಗಸೂತ್ರದ ವ್ಯಾಸಭಾಷ್ಯ ಇನ್ನೂ ಒಳ್ಳೆಯ ಪದವೊಂದನ್ನು ಎತ್ತಿಕೊಳ್ಳುತ್ತದೆ: ಅಗೋಷ್ಪದ. ಗೋಷ್ಪದ ಎಂದರೆ ದನದ ಗೊರಸಿನ ಗುಳಿ. ಅಗೋಷ್ಪದ ಎಂದರೆ ಗುಳಿ ಇಲ್ಲದ ನೆಲವೆಂದಷ್ಟೇ ಅಲ್ಲ. ದನ ಕಾಲಿಡದ ವಿಶಾಲವಾದ ಪ್ರದೇಶ. ಕಾಫಿ ಬರುವುದಕ್ಕೆ ಮುಂಚಿನ ಮಲೆನಾಡನ್ನು ಕರೆಯಲು ಇದಕ್ಕಿಂತ ತಕ್ಕ ಪದವಿಲ್ಲ. ‘ಇಲ್ಲ’ ಎನ್ನುತ್ತಲೇ ಪದವೊಂದು ಕಣ್ಣಮುಂದೆ ಕಾಡನ್ನು ನಿಲ್ಲಿಸಿಬಿಡುತ್ತದೆ.

ಇನ್ನು ಕನ್ನಡದ ‘ಅ’ಗಳ ಕಥೆ ಬೇರೆ. ಅವನು, ಅದು, ಅಲ್ಲಿ, ಅಂದು, ಇವುಗಳಲ್ಲಿರುವ ಅ ದೂರದ್ದನ್ನು ಬೆರಳು ಮಾಡಿ ತೋರಿಸುವ ದ್ರಾವಿಡ ಅ. ‘ಮರದ ಕೊಂಬೆ’, ‘ರಾಮನ ಮನೆ’ಗಳಲ್ಲಿ ಕೊನೆಗೆ ಕೂರುವುದು ಷಷ್ಠಿಯ ಅ: ‘ಉ, ಅನ್ನು, ಇಂದ, ಗೆ’ ಎಂದು ಮಕ್ಕಳು ಹಾಡುವ ಸಾಲಿನಲ್ಲಿ ಬಾಯಿ ತೆರೆಯುವುದರೊಳಗೆ ಮುಗಿದುಹೋಗುವ ಆರನೆಯದು. ಆಲದೂರು ಆಲ್ದೂರು ಆಗುವಾಗ ನಾಲಿಗೆಯಿಂದ ಜಾರುವವೂ ಇಂಥ ಗಿಡ್ಡ ಸ್ವರಗಳೇ. ಕನ್ನಡಕ್ಕೆ ತನ್ನದೇ ನಿಷೇಧದ ಅ ಕೂಡ ಇದೆ, ಆದರೆ ತಲೆಯಲ್ಲಲ್ಲ, ಬಾಲದಲ್ಲಿ: ಮಾಡಿದ ಕೆಲಸ, ಮಾಡದ ಕೆಲಸ. ಸಂಸ್ಕೃತದ ನಞ್‌ಗೂ ಇದಕ್ಕೂ ನಂಟಿಲ್ಲ. ಎರಡು ಬೇರೆ ಕುಟುಂಬದ ಭಾಷೆಗಳು ‘ಬೇಡ’ ಎನ್ನಲು ಒಂದೇ ಸ್ವರವನ್ನು ಹಿಡಿದದ್ದು ಆಕಸ್ಮಿಕ. ಅದರ ಪರಿಣಾಮ ವಿಚಿತ್ರ. ಮಧ್ವರ ‘ಅತತ್’ ಕನ್ನಡದಲ್ಲಿ ‘ಅದಲ್ಲ’. ಸಂಸ್ಕೃತದಲ್ಲಿ ಮೊದಲ ಅ ಅಲ್ಲಗಳೆಯುತ್ತದೆ. ಕನ್ನಡದಲ್ಲಿ ಮೊದಲ ಅ ತೋರಿಸುತ್ತದೆ, ಅಲ್ಲಗಳೆಯುವ ಕೆಲಸ ‘ಅಲ್ಲ’ಕ್ಕೆ ಬಿಟ್ಟದ್ದು.

ಈ ‘ಅಲ್ಲ’ದ ಪಕ್ಕದಲ್ಲೇ ಕನ್ನಡಿಗರ ಬಳಿ ‘ಇಲ್ಲ’ ಎಂಬುದೂ ಇದೆ. ಕಾಫಿ ಮಂಡಿಯಲ್ಲಿ ಚೀಲ ಬಿಚ್ಚಿ ಕೈಯಲ್ಲಿ ಬೀಜ ಹಿಡಿದವನು ‘ಇದು ಅರೇಬಿಕಾ ಅಲ್ಲ’ ಎಂದರೆ ರೊಬಸ್ಟಾ ಎಂದು ಅರ್ಥ. ‘ಅರೇಬಿಕಾ ಇಲ್ಲ’ ಎಂದರೆ ಮಾಲು ಖಾಲಿ. ಒಬ್ಬ ಕೂಲಿಯವನೂ ಒಬ್ಬ ಸಾಹುಕಾರನೂ ಈ ಎರಡನ್ನು ಎಂದೂ ಅದಲುಬದಲು ಮಾಡುವುದಿಲ್ಲ. ನ್ಯಾಯಶಾಸ್ತ್ರದವರು ಇದನ್ನೇ ಪಾರಿಭಾಷಿಕ ಪದಗಳಲ್ಲಿ ಹೇಳಬೇಕಾಯಿತು: ಒಂದು ಇನ್ನೊಂದಲ್ಲ ಎಂಬುದು ಅನ್ಯೋನ್ಯಾಭಾವ, ಒಂದೆಡೆ ಒಂದು ಇಲ್ಲ ಎಂಬುದು ಸಂಸರ್ಗಾಭಾವ. ಎರಡನೆಯದರಲ್ಲಿ ಮತ್ತೆ ಮೂರು ಬಗೆ. ಹೂಮಳೆ ಬೀಳುವ ಮುಂಚೆ ಗಿಡದಲ್ಲಿ ಕಾಯಿ ಇಲ್ಲದಿರುವುದು ಪ್ರಾಗಭಾವ. ಪಲ್ಪರ್‌ಗೆ ಹಾಕಿದ ಮೇಲೆ ಹಣ್ಣು ಇಲ್ಲದಿರುವುದು ಪ್ರಧ್ವಂಸಾಭಾವ. ಕಾಫಿ ಗಿಡದಲ್ಲಿ ಏಲಕ್ಕಿ ಎಂದೆಂದೂ ಇಲ್ಲದಿರುವುದು ಅತ್ಯಂತಾಭಾವ. 16ನೆಯ ಶತಮಾನದ ರಘುನಾಥ ಶಿರೋಮಣಿ ಈ ಒಂದು ತುಣುಕಿನ ಮೇಲೆಯೇ ‘ನಞ್‌ವಾದ’ ಎಂಬ ಗ್ರಂಥ ಬರೆದ. ಕನ್ನಡ ಬಲ್ಲವನಾಗಿದ್ದರೆ ಅವನಿಗೆ ಕೆಲವು ಪುಟ ಉಳಿಯುತ್ತಿತ್ತೋ ಏನೋ.

ಈಗ ಅದ್ವೈತವನ್ನು ಕನ್ನಡದಲ್ಲಿ ಹೇಳಿನೋಡಿ. ‘ಎರಡಲ್ಲ’ವೋ, ‘ಎರಡಿಲ್ಲ’ವೋ? ಭಾಷಣಗಳಲ್ಲಿ ಸಾಮಾನ್ಯವಾಗಿ ಕೇಳಿಸುವುದು ಮೊದಲನೆಯದು, ಅದರ ಬೆನ್ನಿಗೇ ‘ಅಂದರೆ ಒಂದು’ ಎಂಬ ವಿವರಣೆ. ಇದು ಅವಸರದ ಮಾತು. ಎರಡಲ್ಲ ಎಂದಮಾತ್ರಕ್ಕೆ ಒಂದೇ ಆಗಬೇಕಿಲ್ಲ, ಮೂರೂ ಆಗಬಹುದು. ಒಂದು ಎಂದು ಎಣಿಸಬೇಕಾದರೂ ಎಣಿಸುವವನೊಬ್ಬ ಬೇರೆ ಬೇಕು. ಉಪನಿಷತ್ತಿನ ‘ಅದ್ವಿತೀಯ’ ಬಹುವ್ರೀಹಿ ಸಮಾಸ: ಎರಡನೆಯದು ಯಾವುದಕ್ಕೆ ಇಲ್ಲವೋ ಅದು. ಹಾಗಾಗಿ ಶಂಕರರ ದಾರಿಯಲ್ಲಿ ನಡೆಯುವವರಿಗೆ ‘ಎರಡಿಲ್ಲ’ವೇ ಹತ್ತಿರದ ಕನ್ನಡ. ಆದರೆ ಆ ‘ಇಲ್ಲ’ ಎಷ್ಟು ದೂರ ಹೋಗುತ್ತದೆ? ರಾಮಾನುಜರಿಗೂ ಹಿಂದಿನ ಯಾಮುನಾಚಾರ್ಯರು ಇಲ್ಲೊಂದು ತುಂಟ ಪ್ರಶ್ನೆ ಎತ್ತಿದರು. ಚೋಳರಾಜ ಭೂಮಿಯ ಮೇಲೆ ಅದ್ವಿತೀಯ ಎಂದರೆ ಅವನಿಗೆ ಹೆಂಡತಿ ಮಕ್ಕಳು ಆಳುಕಾಳು ಇಲ್ಲವೆಂದೇ? ಸಮಾನನಾದ ಇನ್ನೊಬ್ಬ ಅರಸನಿಲ್ಲ ಎಂದಷ್ಟೆ. ಇಂದಿನ ಕನ್ನಡ ಪತ್ರಿಕೆಗಳು ಯಾರನ್ನಾದರೂ ‘ಅದ್ವಿತೀಯ ಗಾಯಕ’ ಎಂದು ಹೊಗಳಿದಾಗ ಪಕ್ಕವಾದ್ಯದವರು ಮಿಥ್ಯೆ ಎಂದು ಹೇಳುತ್ತಿರುವುದಿಲ್ಲ. ಗೊತ್ತಿಲ್ಲದೆಯೇ ಯಾಮುನರ ಪಕ್ಷಕ್ಕೆ ಮತ ಹಾಕುತ್ತಿರುತ್ತವೆ.

ಅ ಕಂಡಲ್ಲೆಲ್ಲ ನಞ್ ಹುಡುಕುವ ಚಟವೂ ಒಳ್ಳೆಯದಲ್ಲ. ಅನಿಲದಲ್ಲಿರುವುದು ಉಸಿರಾಡು ಎಂಬ ಧಾತು, ಪ್ರಾಣದಲ್ಲಿರುವುದೂ ಅದೇ. ಹೊರನಾಡಿನ ಅನ್ನಪೂರ್ಣೇಶ್ವರಿಯ ಅನ್ನ ‘ತಿನ್ನು’ ಎಂಬ ಧಾತುವಿನಿಂದ ಬಂದದ್ದು. ಆದರೆ ತಪ್ಪು ಬಿಡಿಸುವಿಕೆಯಿಂದಲೇ ಒಂದು ಕುಲ ಹುಟ್ಟಿದ ದೃಷ್ಟಾಂತವೂ ಇದೆ. ಋಗ್ವೇದದಲ್ಲಿ ವರುಣನಿಗೆ ಅಸುರ ಎಂಬುದು ಗೌರವದ ಮಾತು. ಇರಾನಿನ ಅಹುರ ಮಜ್ದನ ಅಹುರ ಅದೇ ಪದ. ‘ಅಸು’ ಎಂದರೆ ಪ್ರಾಣ. ಮುಂದೆ ಜನ ಅದನ್ನು ಅ–ಸುರ ಎಂದು ಒಡೆದರು. ಸುರ ಅಲ್ಲದವನು ಅಸುರನಾದರೆ ಸುರ ಯಾರು? ದೇವತೆ. ಹೀಗೆ ಒಡೆದ ಮೇಲೆ ಉಳಿದ ಚೂರಿನಿಂದ ದೇವತೆಗಳಿಗೆ ಹೊಸ ಹೆಸರಾಯಿತು. ಯಕ್ಷಗಾನದ ರಂಗದ ಮೇಲೆ ರಾತ್ರಿಯಿಡೀ ಕಾದಾಡುವ ಸುರಾಸುರರಲ್ಲಿ ಒಂದು ಕಡೆಯವರ ಹೆಸರು ಹುಟ್ಟಿದ್ದು ಇನ್ನೊಂದು ಕಡೆಯವರ ಹೆಸರನ್ನು ಮುರಿದು.

‘ಅದೃಷ್ಟ’ದ ಪಾಡು ಇನ್ನೂ ತಮಾಷೆ. ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ನಿದ್ದೆಗಳಾಚೆಯ ನಾಲ್ಕನೆಯದಾದ ತುರೀಯವನ್ನು ಬಣ್ಣಿಸುವಾಗ ಅದು ಕಾಣದ್ದು ಎಂಬರ್ಥದಲ್ಲಿ ಈ ಪದವನ್ನು ಇಟ್ಟಿದೆ. ಮೀಮಾಂಸಕರಿಗೂ ವೈಶೇಷಿಕರಿಗೂ ಅದೃಷ್ಟ ಎಂದರೆ ಮಾಡಿದ ಕರ್ಮ ಕಣ್ಣಿಗೆ ಕಾಣದೆ ಕೂಡಿಡುವ ಫಲ. ಕನ್ನಡದ ಲಾಟರಿ ಅಂಗಡಿಯ ಬೋರ್ಡಿನಲ್ಲಿ ಅದು ಬಂಪರ್ ಬಹುಮಾನವಾಯಿತು. ಅದೇ ಪುಟ್ಟ ಉಪನಿಷತ್ತು ಓಂಕಾರದ ಮೊದಲ ಮಾತ್ರೆಯಾದ ಅಕಾರವನ್ನು ಎಚ್ಚರದ ಸ್ಥಿತಿಗೆ ಹೊಂದಿಸುತ್ತದೆ. ನಾಲ್ಕನೆಯದನ್ನು ಹೇಳುವಾಗ ‘ಅಮಾತ್ರ’ ಎನ್ನುತ್ತದೆ. ಒಂದೇ ಅ ಒಮ್ಮೆ ಮಾತ್ರೆ, ಮತ್ತೊಮ್ಮೆ ಮಾತ್ರೆಯ ನಿರಾಕರಣೆ.

ಜೈನರಲ್ಲಿ ಅ ಇನ್ನೊಂದು ವೇಷ ಹಾಕುತ್ತದೆ. ಐದು ವ್ರತಗಳಲ್ಲಿ ಮೂರು, ಅಹಿಂಸೆ, ಅಸ್ತೇಯ, ಅಪರಿಗ್ರಹ, ನಞ್‌ನಿಂದಲೇ ಶುರುವಾಗುತ್ತವೆ. ಇವು ಕೇವಲ ‘ಮಾಡಬೇಡ’ಗಳಲ್ಲ, ಅಹಿಂಸೆ ಪಾಲಿಸುವ ಮುನಿ ನೆಲ ನೋಡಿ ಹೆಜ್ಜೆ ಇಡಬೇಕು, ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಗುಡಿಸಿ ಕೂರಬೇಕು. ಇಲ್ಲ ಎನ್ನುವುದಕ್ಕೇ ಮೈತುಂಬ ಕೆಲಸ. ಅದಕ್ಕಿಂತ ಅಚ್ಚರಿಯದು ಜೈನರ ‘ಅಧರ್ಮ’. ಆರು ದ್ರವ್ಯಗಳ ಲೆಕ್ಕದಲ್ಲಿ ಧರ್ಮವೆಂದರೆ ಚಲನೆಗೆ ಆಸರೆಯಾಗುವ ದ್ರವ್ಯ, ಮೀನಿಗೆ ನೀರಿದ್ದ ಹಾಗೆ. ಅಧರ್ಮವೆಂದರೆ ನಿಲ್ಲುವುದಕ್ಕೆ ಆಸರೆ, ದಾರಿಹೋಕನಿಗೆ ನೆರಳಿದ್ದ ಹಾಗೆ. ಇಲ್ಲಿ ಪಾಪದ ಸೋಂಕೂ ಇಲ್ಲ. ಕಳಸ–ಕಾರ್ಕಳವನ್ನು ಆಳಿದ ಭೈರರಸರು ಜೈನರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಆ ವಂಶದವನು. ಅವನ ಗುರುಗಳು ಹೇಳುತ್ತಿದ್ದ ಅಧರ್ಮಕ್ಕೂ ಅದೇ ರಾಜ್ಯದ ಶಿವಾಲಯದ ಪುರೋಹಿತರು ಹೇಳುತ್ತಿದ್ದ ಅಧರ್ಮಕ್ಕೂ ಅಕ್ಷರ ಒಂದೇ, ಅರ್ಥ ಅಜಗಜಾಂತರ.

ಎಲ್ಲಕ್ಕಿಂತ ಬಿಗಿಯಾದ ಗಂಟು ‘ಅವಿದ್ಯೆ’ಯದು. ಬೌದ್ಧ ಆಚಾರ್ಯ ವಸುಬಂಧು ಅಭಿಧರ್ಮಕೋಶದಲ್ಲಿ ಹೇಳಿದ್ದು: ಅಮಿತ್ರ ಎಂದರೆ ಗೆಳೆಯನ ಗೈರುಹಾಜರಿಯಲ್ಲ, ಎದುರಿಗೇ ನಿಂತ ಶತ್ರು, ಅವಿದ್ಯೆಯೂ ಹಾಗೆ, ವಿದ್ಯೆಗೆ ವಿರುದ್ಧವಾದ ಬೇರೊಂದು ಧರ್ಮ. ಶಂಕರರ ನಂತರದ ಅದ್ವೈತಿಗಳು, ಅದರಲ್ಲೂ 'ಪಂಚಪಾದಿಕಾ ವಿವರಣ'ದ ದಾರಿ ಹಿಡಿದವರು, ಇದೇ ಬಗೆಯಲ್ಲಿ ಅವಿದ್ಯೆಯನ್ನು ‘ಭಾವರೂಪ’ ಎಂದರು. ಬರೀ ಅಭಾವ ಏನನ್ನಾದರೂ ಮುಚ್ಚೀತೇ? ಇಲ್ಲದ ಪರದೆ ಬೆಳಕನ್ನು ತಡೆಯುತ್ತದೆಯೇ? ಆದ್ದರಿಂದ ಅವಿದ್ಯೆ ಇಲ್ಲದ್ದಲ್ಲ, ಬ್ರಹ್ಮದಂತೆ ಇರುವುದೂ ಅಲ್ಲ, ಅನಿರ್ವಚನೀಯ. ಒಂದು ಅ ತಂದ ತೊಡಕನ್ನು ಬಿಡಿಸಲು ಇನ್ನೊಂದು ಅ. ವಿಶಿಷ್ಟಾದ್ವೈತಿಗಳೂ ಮಾಧ್ವರೂ ಹಿಡಿದುಕೊಂಡದ್ದು ಇದೇ ಜುಟ್ಟನ್ನು.

ವಿರೋಧ ಹೊರಗಿನವರಿಂದಷ್ಟೇ ಬಂದಿದ್ದರೆ ವಿಶೇಷವಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದು ಅದ್ವೈತದ ಒಳಗಿನಿಂದಲೇ, ಅದೂ ಕರ್ನಾಟಕದಿಂದಲೇ ಬಂತು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975) ಸಂನ್ಯಾಸಕ್ಕೆ ಮುಂಚೆ ಯಲ್ಲಂಬಳಸೆ ಸುಬ್ರಾಯಶರ್ಮರು. ಯಲ್ಲಂಬಳಸೆ ಇರುವುದು ಕಡೂರು ತಾಲ್ಲೂಕಿನಲ್ಲಿ, ಆಲ್ದೂರಿನದೇ ಜಿಲ್ಲೆ. 1929ರಲ್ಲಿ ಅವರು ಸಂಸ್ಕೃತದಲ್ಲಿ ಹೊರತಂದ ‘ಮೂಲಾವಿದ್ಯಾನಿರಾಸ’ದ ವಾದವನ್ನು ಸರಳವಾಗಿ ಹೀಗೆ ಹೇಳಬಹುದು: ಶಂಕರರು ಅವಿದ್ಯೆ ಎಂದದ್ದು ಅಧ್ಯಾಸವನ್ನು, ಆತ್ಮ ಅನಾತ್ಮಗಳನ್ನು ಒಂದರ ಮೇಲೊಂದು ಹೊರಿಸುವ ನಮ್ಮ ತಪ್ಪು ತಿಳಿವಳಿಕೆಯನ್ನು. ತಿಳಿಯದಿರುವುದು, ಸಂಶಯಪಡುವುದು, ತಪ್ಪಾಗಿ ತಿಳಿಯುವುದು ಎಂಬ ಮೂರೇ ಅವಿದ್ಯೆಯ ರೂಪ. ಅದರ ಹಿಂದೆ ಜಗತ್ತಿಗೆಲ್ಲ ಕಚ್ಚಾಮಾಲಾದ ‘ಮೂಲಾವಿದ್ಯೆ’ ಎಂಬ ವಸ್ತುವೊಂದನ್ನು ಕೂರಿಸಿದವರು ಆಮೇಲಿನ ವ್ಯಾಖ್ಯಾನಕಾರರು. ಅಂಥದ್ದೊಂದು ನಿಜವಾಗಿ ಇದ್ದರೆ ಎರಡನೆಯದೊಂದು ಇದ್ದಂತಾಯಿತಲ್ಲ, ಮತ್ತೆ ಅದ್ವೈತವೆಲ್ಲಿ?

ಶತಮಾನಗಳ ಓದನ್ನು ಹೀಗೆ ಒಂದೇಟಿಗೆ ಪಕ್ಕಕ್ಕಿಟ್ಟದ್ದನ್ನು ಸಾಂಪ್ರದಾಯಿಕ ವಿದ್ವಾಂಸರು ಸುಮ್ಮನೆ ಬಿಡಲಿಲ್ಲ. ಖಂಡನೆಗಳು ಬಂದವು, ಖಂಡನೆಗೆ ಮರುಖಂಡನೆಗಳೂ ಬಂದವು. ಸಚ್ಚಿದಾನಂದೇಂದ್ರರು ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದು, ಸಂಸ್ಕೃತ ಬಾರದ ಗುಮಾಸ್ತರೂ ಮೇಷ್ಟರೂ ಮೂಲವನ್ನು ಓದಿ ತಾವೇ ನಿರ್ಧರಿಸುವಂತೆ ಮಾಡಿದರು. ಪರಂಪರೆಯ ಪಂಡಿತರಿಗೆ ಆ ಪುಸ್ತಕದ ವಾದಕ್ಕಿಂತ ಇದೇ ಹೆಚ್ಚು ಇರಿಸುಮುರಿಸು ತಂದಿರಬೇಕು. ಪಂಡಿತರ ವಾದ ಮಾತ್ರ ನಿಂತಿಲ್ಲ: ಶೃಂಗೇರಿಯಲ್ಲಿ ಪ್ರತಿ ಭಾದ್ರಪದ ಮಾಸದಲ್ಲಿ ಗಣೇಶನ ಚೌತಿಯಿಂದ ಶುರುವಾಗುವ ಮಹಾಗಣಪತಿ ವಾಕ್ಯಾರ್ಥ ಸಭೆಯಲ್ಲಿ ನ್ಯಾಯ, ವ್ಯಾಕರಣ, ಮೀಮಾಂಸೆ, ವೇದಾಂತದ ವಿದ್ವಾಂಸರು ಇಂದಿಗೂ ಕುಳಿತು ಸಂಸ್ಕೃತದಲ್ಲಿ ವಾದಿಸುತ್ತಾರೆ. ಶಾಸ್ತ್ರದ ಕ್ರಮದಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷ ಬರಬೇಕು, ಅದನ್ನು ಎದುರಾಳಿಯೇ ಮೆಚ್ಚುವಷ್ಟು ಚೆನ್ನಾಗಿ ಮಂಡಿಸಬೇಕು. ಹಾಗಾಗಿ ಅವಿದ್ಯೆ ಭಾವರೂಪವೆಂದು ಸಾಧಿಸಲು ಹೊರಟವನೂ ಮೊದಲ ಅರ್ಧ ಗಂಟೆ ಅದು ಅಲ್ಲವೆಂದೇ ವಾದಿಸುತ್ತಿರುತ್ತಾನೆ.